ದೋಣಿಯಲ್ಲಿ ಓರಗಿತ್ತಿಯ ಪಾಲು

"ನನ್ನ ದೋಣಿಗೆ ಅವಳ ಹೆಸರೇ? ಆಗಲಿಕ್ಕಿಲ್ಲ ಮಾಣಿ… ನಾನು ಜೀವಂತ ಇರುವಾಗ ಅದು ಆಗಲಿಕ್ಕಿಲ್ಲ!"

ಕುಸುಮಾವತಿ ಸೌಟನ್ನು ಸಾಂಬಾರಿನ ಪಾತ್ರೆಗೆ ಕುಕ್ಕಿದ ಸದ್ದಿಗೆ ಗಲ್ಲಾದಲ್ಲಿ ಕುಳಿತಿದ್ದ ಗಂಡ ಕೃಷ್ಣರಾಜ ಎದ್ದು ಒಳಗೆ ಬಂದ. ದೇವಳಾಲಿ ಕ್ಯಾಂಪಿನ ಅವರ ಹೋಟೆಲಿಗೆ ಸಿಪಾಯಿಗಳು ಸಂಜೆಯ ಚಹಾಕ್ಕೆ ಬರುವ ಹೊತ್ತು. ಅಡುಗೆಮನೆಯ ಬಾಗಿಲಲ್ಲಿ ಅವನ ತಮ್ಮ ಹರಿದಾಸ ತಲೆತಗ್ಗಿಸಿ ನಿಂತಿದ್ದ. ಬಲಗೈ ಬೆರಳ ತುದಿಯವರೆಗೂ ಬ್ಯಾಂಡೇಜಿನಲ್ಲಿತ್ತು.

"ಪೂರ್ತಿ ಕೇಳಲಿಲ್ಲ ಅತ್ತಿಗೆ, ಅರ್ಧ ಪಾಲು ಅಷ್ಟೇ. ಇಂಜಿನ್ನಿನ ಬೆಲ್ಟಿಗೆ ನನ್ನ ಕೈ ಸಿಕ್ಕಿದ ಮೇಲೆ ದೋಣಿ ನಡೆಸೋದು ಸುಗುಣಾನೇ. ಬೇರೆಯವರ ದೋಣಿಯಲ್ಲಿ ಕೂಲಿಯವಳ ಹಾಗೆ…"

"ಬೇರೆಯವರ ದೋಣಿ! ಕೇಳಿದ್ರಾ? ಈಗ ನಾನು ಬೇರೆಯವಳು!"

ಹರಿದಾಸ ತುಟಿ ಕಚ್ಚಿಕೊಂಡ. ಮುಂದಿಟ್ಟ ಚಹಾ ಮುಟ್ಟದೆ ಬಸ್‌ಸ್ಟ್ಯಾಂಡಿನ ಕಡೆ ನಡೆದುಬಿಟ್ಟ.

ತಾಯಿ ಸತ್ತ ಆ ಹುಡುಗನನ್ನು ಗಂಗೊಳ್ಳಿಯಿಂದ ಇಲ್ಲಿಗೆ ಕರೆತಂದಾಗ ಕುಸುಮಾವತಿ ಇನ್ನೂ ಹೊಸ ಮದುಮಗಳು. ಆಮೇಲೆ ಅವಳ ಮಡಿಲು ತುಂಬಲೇ ಇಲ್ಲ. ಅವಳು ತಾಯಿಯಾದದ್ದು ಈ ಮೈದುನನಿಗೆ ಮಾತ್ರ. ಹೋಟೆಲಿನ ಹೊಗೆ ಅವನಿಗೆ ಒಗ್ಗಲಿಲ್ಲ. ನೀರು ಕಂಡರೆ ಮಾತ್ರ ಅವನ ಮುಖ ಅರಳುತ್ತಿತ್ತು. ಗಂಡನೊಡನೆ ಜಗಳವಾಡಿ, ಊಟ ಬಿಟ್ಟು ಹಟ ಹಿಡಿದು, ಔರಂಗಾಬಾದಿನಾಚೆ ಪೈಠಣದ ಅಣೆಕಟ್ಟಿನ ನೀರಿನಲ್ಲಿ ಪ್ರವಾಸಿಗಳನ್ನು ತಿರುಗಿಸುವ ಮೋಟಾರು ದೋಣಿಯೊಂದನ್ನು ಅವನಿಗಾಗಿ ಕೊಡಿಸಿದ್ದು ಅವಳೇ. ಕಾಗದದಲ್ಲಿ ಅವಳದೇ ಹೆಸರು. ಊರಿನಲ್ಲಿ ಸುಗುಣಾಳನ್ನು ನೋಡಿ ಅವನಿಗೆ ಮದುವೆ ಮಾಡಿಸಿದ್ದೂ ಅವಳೇ! ಆದರೆ ಮೊನ್ನೆ ಪೈಠಣ ನೋಡಿ ಬಂದ ಗಿರಾಕಿಯೊಬ್ಬ ದೋಸೆ ಮುರಿಯುತ್ತ, "ಸುಗುಣಾತಾಯೀಂಚಿ ಹೋಡಿ ಎಂದರೆ ಅಲ್ಲಿ ಎಲ್ಲರಿಗೂ ಗೊತ್ತು" ಎಂದಿದ್ದ. ಸುಗುಣಾಳ ದೋಣಿಯಂತೆ! ಅಂದಿನಿಂದ ಕುಸುಮಾವತಿಗೆ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ನಿನ್ನೆ ಬಂದವಳು ಮಗನನ್ನೂ ಕಸಿದಳು, ದೋಣಿಯನ್ನೂ ಕಸಿಯಲು ಹೊರಟಳು… ಬಿಡುವುದುಂಟೇ?

"ಮಾರಿಬಿಡ್ತೇನೆ," ಎಂದಳು ಗಂಡನಿಗೆ. "ಅವಳಿಗೆ ಅರ್ಧ ಕೊಡೋದಕ್ಕಿಂತ ಯಾರಿಗಾದರೂ ಪೂರ್ತಿ ಕೊಡೋದು ಮೇಲು."

"ಹೊಟ್ಟೆಕಿಚ್ಚಿಗೆ ಮನೆ ಸುಡಬೇಡ ಕುಸುಮಾ."

"ಸುಟ್ಟರೆ ಸುಡಲಿ!"

ಆ ವಾರವೇ ಅವಳು ಔರಂಗಾಬಾದಿಗೆ ಹೋದಳು. ಅಲ್ಲಿ ಹೋಟೆಲ್ ಇಟ್ಟಿದ್ದ ಬಿಂದುಮಾಧವನಿಗೆ ಆ ದೋಣಿಯ ಮೇಲೆ ಮೊದಲಿನಿಂದಲೂ ಕಣ್ಣಿತ್ತು. ಅವನನ್ನು ಕರೆದುಕೊಂಡೇ ಪೈಠಣ ತಲುಪಿದಳು. ಹರಿದಾಸ ಕೈಗೆ ಔಷಧಿ ಹಚ್ಚಿಸಿಕೊಳ್ಳಲು ಹೋಗಿದ್ದ. ದೋಣಿ ಆಗ ತಾನೇ ದಡಕ್ಕೆ ಬರುತ್ತಿತ್ತು. ಸುಗುಣಾ ಸೆರಗು ಬಿಗಿದು ಹಗ್ಗ ಹಿಡಿದು ನೀರಿಗಿಳಿದಳು. ಆಗಲೇ ಕುಸುಮಾವತಿಯ ಕಣ್ಣು ಅವಳ ಹೊಟ್ಟೆಯ ಮೇಲೆ ನಿಂತಿತು. ಐದು ತಿಂಗಳಾದರೂ ಆಗಿರಬೇಕು!

"ನನಗೆ ಒಂದು ಮಾತು ಹೇಳಲಿಲ್ಲ…"

ಸುಗುಣಾ ಬೆಚ್ಚಿದಳು. "ಅಕ್ಕಾ! ಅವರೇ ಹೇಳಬೇಡ ಅಂದರು. ನಿಮಗೆ ನೋವಾಗುತ್ತೆ ಅಂತ…"

"ಕನಿಕರವೇ? ಬಂಜೆ ಅಂತ ನನ್ನ ಮೇಲೆ ನಿಮಗೆಲ್ಲ ಕನಿಕರವೇ!" ಕುಸುಮಾವತಿಯ ದನಿ ದಡದ ಜನರೆಲ್ಲ ತಿರುಗಿ ನೋಡುವಷ್ಟು ಏರಿತು. "ಕಾಣಿ ಬಿಂದುಮಾಧವರೇ, ಇದೇ ದೋಣಿ. ಇವತ್ತೇ ಕರಾರು ಮಾಡಿ!"

ಸುಗುಣಾ ಹಗ್ಗವನ್ನು ಅವಳ ಪಾದದ ಬಳಿ ಹಾಕಿದಳು. ಅಂಗೈಯ ಬೊಕ್ಕೆಗಳು ಒಡೆದು ಕೆಂಪಾಗಿದ್ದವು.

"ಮಾರಿ ಅಕ್ಕ. ಅವರನ್ನೂ ಕರೆದುಕೊಂಡೇ ಹೋಗಿ… ಹೇಗೂ ಅವರು ನಿಮ್ಮವರೇ!"

"ಎಂತ ಮಾತಿದು?"

"ಹೊಟ್ಟೆಕಿಚ್ಚು ನಿಮಗೊಬ್ಬರಿಗೇ ಅಂತ ತಿಳಿದಿರಾ?" ಸುಗುಣಾ ಅವಳೆದುರಿಗೇ ಬಂದು ನಿಂತಳು. "ನಾನು ಸೀರೆ ಉಟ್ಟರೆ ಅತ್ತಿಗೆಗೆ ಈ ಬಣ್ಣ ಚೆಂದ ಅಂತಾರೆ. ಸಾರು ಮಾಡಿದರೆ ಅತ್ತಿಗೆಯ ಸಾರಿನ ಹಾಗಿಲ್ಲ. ಕೈಗೆ ಪೆಟ್ಟಾದ ಮೇಲೆ ತುತ್ತು ನಾನೇ ಕೊಡ್ತೇನೆ… ಎರಡು ತುತ್ತು ತಿಂದು ಮುಖ ತಿರುಗಿಸ್ತಾರೆ. ಅತ್ತಿಗೆ ಹೀಗೆ ಕಲಸೋದಿಲ್ಲವಂತೆ! ಅವರಲ್ಲಿ ನನಗೆ ಅರ್ಧವೂ ಸಿಗಲಿಲ್ಲ ಅಕ್ಕ. ದೋಣಿಯಲ್ಲಾದರೂ ನನ್ನದು ಅನ್ನೋ ಅರ್ಧ ಇರಲಿ ಅಂತ ನಾನೇ ಪೀಡಿಸಿ ಅವರನ್ನು ನಿಮ್ಮಲ್ಲಿಗೆ ಅಟ್ಟಿದ್ದು…"

ಅವಳು ದಡದಲ್ಲೇ ಕುಸಿದು ಕುಳಿತು ಬಿಕ್ಕಳಿಸಿದಳು. ಕುಸುಮಾವತಿಯ ಮನಸ್ಸಿನಲ್ಲಿ ಮೊದಲು ಎದ್ದದ್ದು ಸಂತೋಷ. ಮಾಣಿ ಇನ್ನೂ ನನ್ನವನೇ, ಗೆದ್ದೆ ಎಂಬ ಸಂತೋಷ! ಅದರ ಹಿಂದೆಯೇ ನಾಚಿಕೆ ನುಗ್ಗಿ ಬಂತು. ಬಸುರಿ ಹೆಣ್ಣನ್ನು ಒದ್ದೆ ಮಣ್ಣಿನಲ್ಲಿ ಕೂರಿಸಿ ಗೆಲ್ಲುವುದೂ ಒಂದು ಗೆಲುವೇ? ತನ್ನೆದೆಯಲ್ಲಿ ಇಷ್ಟು ದಿನ ಉರಿದ ಬೆಂಕಿಯೇ ಈ ಎಳೆಯ ಹೆಣ್ಣಿನ ಎದೆಯಲ್ಲೂ ಉರಿದಿದೆ, ಹಚ್ಚಿದವಳು ತಾನೇ.

"ನೀವು ಹೋಗಿ ಬಿಂದುಮಾಧವರೇ," ಎಂದಳು ತಗ್ಗಿದ ದನಿಯಲ್ಲಿ. "ದೋಣಿ ಮಾರಲಿಕ್ಕಿಲ್ಲ."

ಆಮೇಲೆ ಓರಗಿತ್ತಿಯ ರಟ್ಟೆ ಹಿಡಿದು ಎಬ್ಬಿಸಿದಳು. "ಏಳು ಮಾರಾಯ್ತಿ, ಶೀತ ಆಗುತ್ತೆ. ನಾಳೆ ಔರಂಗಾಬಾದಿಗೆ ಹೋಗಿ ವಕೀಲರಲ್ಲಿ ಕಾಗದ ಮಾಡಿಸುವ. ಅರ್ಧ ನಿನ್ನದು."

ಹರಿದಾಸ ಮನೆಗೆ ಬಂದಾಗ ಅತ್ತಿಗೆ ಒಲೆಯ ಮುಂದಿದ್ದಳು. ಅವನ ಕಣ್ಣು ತುಂಬಿ ಬಂತು. "ಅತ್ತಿಗೆ… ನೀವೇ ಬಂದಿರಾ!" ಎಂದು ಮಗುವಿನಂತೆ ಅವಳ ಎದುರಿಗೇ ಊಟಕ್ಕೆ ಕುಳಿತ.

ಕುಸುಮಾವತಿ ಅನ್ನ ಕಲಸಿದಳು. ತುತ್ತು ಮಾಡಿದಳು. ಅವನು ಬಾಯಿ ತೆರೆದ. ಅವಳ ಕೈ ಅರ್ಧಕ್ಕೇ ನಿಂತಿತು. ಬಾಗಿಲ ಬಳಿ ಸುಗುಣಾ ಬೇರೆಲ್ಲೋ ನೋಡುತ್ತ ನಿಂತಿದ್ದಳು.

"ಬಾ ಇಲ್ಲಿ," ಎಂದು ಕರೆದು ತಟ್ಟೆಯನ್ನು ಅವಳ ಕೈಗಿಟ್ಟಳು. "ಸಾರು ಬಿಸಿ ಇರುವಾಗಲೇ ಕಲಸಬೇಕು. ಉಪ್ಪು ಒಂದು ಚಿಟಿಕೆ ಜಾಸ್ತಿ. ತುತ್ತು ಸಣ್ಣದಿರಲಿ, ಅವನಿಗೆ ದೊಡ್ಡ ತುತ್ತು ಆಗೋದಿಲ್ಲ… ಮುಖ ತಿರುಗಿಸಿದರೆ ನನಗೆ ಹೇಳು, ಕಿವಿ ಹಿಂಡ್ತೇನೆ."

ಹರಿದಾಸ ಇಬ್ಬರನ್ನೂ ನೋಡಿದ. ಏನು ಅರ್ಥವಾಯಿತೋ, ಸುಗುಣಾ ಕೊಟ್ಟ ತುತ್ತನ್ನು ಬಾಯಿಗೆ ತೆಗೆದುಕೊಂಡ.

ಅವನು ಅಗಿಯುವುದನ್ನು ನೋಡುತ್ತ ನಿಲ್ಲಲು ಮಾತ್ರ ಕುಸುಮಾವತಿಯಿಂದಾಗಲಿಲ್ಲ. ನೀರು ತರುವ ನೆಪದಲ್ಲಿ ಖಾಲಿ ಕೊಡ ಎತ್ತಿಕೊಂಡು ಹೊರಗೆ ನಡೆದಳು. ಒಳಗಿನಿಂದ ಹರಿದಾಸನ ದನಿ ಕೇಳಿತು.

"ಇನ್ನೊಂದು ತುತ್ತು ಕೊಡು."

ಎದೆಯ ಮೂಲೆಯಲ್ಲಿ ಮತ್ತೆ ಚುರುಕ್ಕೆಂದಿತು. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, ತಿರುಗಿ ನೋಡದೆ, ನಲ್ಲಿಯ ಕಡೆ ನಡೆದಳು.