ಲೇಬಲ್ ಇಲ್ಲದ ಟ್ಯೂಬು

"ಈ ಎರಡು ರಕ್ತದ ಟ್ಯೂಬನ್ನೂ ತಗೊಳ್ಳಲ್ಲ ಸಿಸ್ಟರ್. ಲೇಬಲ್ ಎಲ್ಲಿ?"

ಲ್ಯಾಬಿನ ಕಿಟಕಿಯಾಚೆಯಿಂದ ಬಂದ ಮಾತಿಗೆ ನರ್ಸಮ್ಮನ ಮೈಯೆಲ್ಲ ಉರಿದುಹೋಯ್ತು. ವಾರ್ಡಿಗೆ ಹೊಸಬಳು ಬೇರೆ! ಈ ಟೆಕ್ನಿಷಿಯನ್ನೋ, ನೋಡೋಕೆ ಲಕ್ಷಣವಾಗಿದ್ದಾನೆ, ಬಾಯಿ ಬಿಟ್ರೆ ಬೆಂಕಿ.

"ಇದು ಕಿಟಕಿ ಕಡೆ ಅಜ್ಜಿದು, ಅದು ಪಕ್ಕದ ಹಾಸಿಗೆಯವರದು. ಈಗಲೇ ಅಂಟಿಸ್ತೀನಿ, ಕೊಡಿ!"

"ಇಲ್ಲಿ ಅಂಟಿಸೋ ಹಾಗಿಲ್ಲ. ಅವರ ಬಾಯಲ್ಲೇ ಹೆಸರು ಹೇಳಿಸಿ, ರಕ್ತ ತೆಗೆದ ತಕ್ಷಣ ಹಾಸಿಗೆ ಹತ್ರಾನೇ ಅಂಟಿಸಬೇಕು. ಮತ್ತೆ ತೆಗೀರಿ."

"ಅಜ್ಜಿಗೆ ನರ ಸಿಗೋದೇ ಕಷ್ಟ ಕಣ್ರೀ! ಆಪರೇಷನ್ನಿಗೆ ರಕ್ತ ಬೇಕು. ನಿಮಗೆ ಕರುಳೇ ಇಲ್ವಾ?"

ಅವನು ತಲೆ ತಗ್ಗಿಸಿದ. "ಮತ್ತೆ ತೆಗೀರಿ," ಅಂದ, ಅಷ್ಟೇ.

ಮನಸ್ಸಲ್ಲೇ ಶಾಪ ಹಾಕ್ತಾ ಅವಳು ಅಜ್ಜಿ ಮುಂದೆ ನಿಂತಳು. "ಇನ್ನೊಂದು ಸಲ ಚುಚ್ಚಬೇಕು ಅಜ್ಜಿ... ಲ್ಯಾಬಲ್ಲಿ ಒಬ್ಬ ಮೊಂಡ ಇದ್ದಾನೆ."

ಅಜ್ಜಿ ಬೊಚ್ಚುಬಾಯಿ ತುಂಬ ನಕ್ಕರು. "ಚುಚ್ಚಮ್ಮಾ. ಆ ಮೊಂಡನ್ನ ಹೆತ್ತವಳು ನಾನೇ!"

ಅವಳ ಕೈ ನಿಂತುಹೋಯ್ತು. ಸ್ವಂತ ತಾಯಿಗೆ ನೋವಾಗತ್ತೆ ಅಂತ ಗೊತ್ತಿದ್ದೂ...? ಎಂಥಾ ಮನುಷ್ಯ ಇವನು!

ಈ ಸಲ ಒಬ್ಬೊಬ್ಬರದೇ ತೆಗೆದು, ಹೆಸರು ಹೇಳಿಸಿ, ಅಲ್ಲೇ ಲೇಬಲ್ ಅಂಟಿಸಿದಳು. ಆದರೂ ಮೊದಲ ಸಲ ಸರಿಯಾಗಿ ಇಟ್ಟಿದ್ದೆನಾ ಅಂತ ಒಳಗೊಳಗೇ ಅಳುಕು.

"ಮೊದಲಿನವುಗಳ ಗುಂಪನ್ನೂ ಒಮ್ಮೆ ನೋಡ್ತೀರಾ?" ಅಂತ ಹೊಸ ಟ್ಯೂಬುಗಳನ್ನ ಲ್ಯಾಬಿನ ಕಿಟಕಿಯಲ್ಲಿ ಕೊಡುತ್ತಾ ಅವಳೇ ಕೇಳಿದಳು.

ನೋಡಿದವನ ಮುಖ ಬಿಳುಚಿತು. ಅಜ್ಜಿಯದು ಅಂದಿದ್ದ ಟ್ಯೂಬಿನಲ್ಲಿ ಪಕ್ಕದವರ ಗುಂಪಿನ ರಕ್ತ! ಒಂದೇ ಟ್ರೇಯಲ್ಲಿ ಇಟ್ಟಿದ್ದ ಎರಡೂ ಅದಲು ಬದಲಾಗಿದ್ದವು. ಆ ಗುಂಪಿನ ರಕ್ತ ಅಜ್ಜಿಗೆ ಏರಿಸಿದ್ದರೆ ಜೀವಕ್ಕೇ ಕುತ್ತು.

ಅವಳು ಕಿಟಕಿಗೆ ಬಗ್ಗಿ ಕೇಳಿದಳು, "ನಿಮ್ಮಮ್ಮ ಅಂತ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನಿಮ್ಮ ಕೈ ನಡುಗ್ತಿತ್ತು. ನಿಜ ಹೇಳ್ಲಾ? ಇದೊಂದು ಸಲ ಬಿಟ್ಟುಬಿಡೋಣ ಅಂತ ನನಗೂ ಅನ್ನಿಸಿತ್ತು..."

ಬಿಡಲಿಲ್ವಲ್ಲ ಪುಣ್ಯಾತ್ಮ! ಅವಳಿಗೆ ಅವನ ಕಾಲು ಮುಟ್ಟಬೇಕು ಅನ್ನಿಸಿತು.

ತಪ್ಪನ್ನು ಅವಳೇ ಹೋಗಿ ಹೆಡ್ ಸಿಸ್ಟರಿಗೆ ಹೇಳಿದಳು. ಚೆನ್ನಾಗಿ ಬೈಸಿಕೊಂಡಳು ಕೂಡ. ಆಪರೇಷನ್ ಸಸೂತ್ರವಾಗಿ ಮುಗಿಯಿತು.

ಅಜ್ಜಿ ಮನೆಗೆ ಹೊರಟ ದಿನ ಅವನು ವಾರ್ಡಿನ ಬಾಗಿಲಲ್ಲಿ ತಡವರಿಸುತ್ತಾ ನಿಂತ.

"ಅಮ್ಮ ನಿಮ್ಮನ್ನ ಒಂದು ಮಾತು ಕೇಳು ಅಂದ್ರು... ನನ್ನ ಮದುವೆ ಆಗ್ತೀರಾ ಅಂತ."

"ಅಮ್ಮ ಅಂದ್ರಾ?"

"ಇಲ್ಲ... ನಾನೇ."

ಅವಳ ಕಣ್ಣು ತುಂಬಿ ಬಂತು. "ಅಷ್ಟೊಂದು ಬೈದಿದ್ದೀನಿ ನಿಮ್ಮನ್ನ!"

"ನಮ್ಮಮ್ಮನಿಗೆ ನೋವಾಗತ್ತೆ ಅಂತ ನನ್ನ ಜೊತೆಗೇ ಜಗಳ ಆಡಿದ್ರಿ. ಅವತ್ತೇ ಸೋತುಹೋದೆ ಕಣ್ರೀ..."

"ಇನ್ನೂ 'ರೀ' ಯಾಕೆ?" ಅಂದಳು ಅವಳು, ಅವನ ಕೈ ಹಿಡಿದು.