ಎಣ್ಣೆಗೆ ನೀರು ಹಾಕಿದವರು ಯಾರು?

“ಅಪ್ಪಾ, ಗೂಳಿ! ಬ್ರೇಕ್ ಹಾಕು, ಬ್ರೇಕ್!”

“ಹಾಕೇನಿ! ಹಿಡೀವಲ್ದು!”

ಅಪ್ಪ ವಿದ್ಯಾಧೀಶಾಚಾರ್ಯರು ಪೆಡಲನ್ನು ದಬದಬ ತುಳಿದರು. ಐದನೇ ಸಲಕ್ಕೆ ಕಾರು ನಿಂತಿತು. ಗೂಳಿಯ ಬಾಲ ಒಂದೇ ಗೇಣು ದೂರ! ಕಾಶಿಯ ಭೇಲೂಪುರದ ನಡುರಸ್ತೆಯಲ್ಲಿ ನಿಂತಿದ್ದ ಆ ಮಹಾರಾಯ ತಿರುಗಿಯೂ ನೋಡಲಿಲ್ಲ ಬಿಡಿ. ಹತ್ತು ವರ್ಷದ ಕಾತ್ಯಾಯನಿ ಮಾತ್ರ ಸೀಟಿನ ಅಂಚನ್ನು ಇನ್ನೂ ಬಿಟ್ಟಿರಲಿಲ್ಲ.

ಹನ್ನೊಂದಕ್ಕೆ ಸ್ಟೇಷನ್ನಿಗೆ ಅಜ್ಜಿ ಬರುವವಳಿದ್ದಳು. ಬಾಗಲಕೋಟೆಯಿಂದ ಮೊದಲ ಸಲ ಕಾಶಿಗೆ! ಈಗಾಗಲೇ ಹತ್ತೂವರೆ.

ಪುಣ್ಯಕ್ಕೆ ಎಸ್‌ಟಿಡಿ ಬೂತಿನ ಪಕ್ಕದಲ್ಲೇ ರಾಮಜತನ್ ಚಾಚಾನ ಗ್ಯಾರೇಜು. ಇಬ್ಬರೂ ಕಾರು ತಳ್ಳಿಕೊಂಡು ಹೋದರು. ಚಾಚಾ ಬಾನೆಟ್ ಎತ್ತಿ, ಡಿಕಾಕ್ಷನ್‌ನಂತೆ ಕಪ್ಪಾಗಿದ್ದ ಬ್ರೇಕ್ ಆಯಿಲ್ ನೋಡಿ ಮುಖ ಸಿಂಡರಿಸಿದ.

“ಪಂಡಿತ್‌ಜೀ, ತೇಲ್ ಮೇ ಪಾನೀ ಆ ಗಯಾ ಹೈ!”

ಎಣ್ಣೆಯಲ್ಲಿ ನೀರು! ಅಪ್ಪ ಗರ್ರನೆ ತಿರುಗಿದರು. “ಕಾತ್ಯಾ, ಮುಂಜಾನೆ ನೀರು ಹಾಕಿದಾಕಿ ನೀನ ಅಲ್ಲೇನು?”

ಕಾತ್ಯಾಯನಿ ಬೆವೆತುಹೋದಳು. ಗಾಜು ತೊಳೆಯುವ ವೈಪರ್ ಡಬ್ಬಿಗೆ ನೀರು ತುಂಬಿಸಿದ್ದೇನೋ ನಿಜ. ತಪ್ಪಿ ಪಕ್ಕದ ಬ್ರೇಕ್ ಆಯಿಲಿನ ಡಬ್ಬಿಗೇ ಸುರಿದೆನೇ? ಗೂಳಿಯ ಜಾಗದಲ್ಲಿ ಒಂದು ಮಗು ಇದ್ದಿದ್ದರೆ? ಅಯ್ಯೋ ದೇವರೇ!

“ಚಾಚಾ, ಪಾನೀ ಮೈನೇ ಡಾಲಾ ಕ್ಯಾ? ನಾನೇ ಹಾಕಿದೆನಾ?” ಅವಳ ಕಣ್ಣು ತುಂಬಿಬಂತು.

“ಅರೇ ಬಿಟಿಯಾ, ಯಾರೂ ಹಾಕಿಲ್ಲ! ಹಳೇದಾದಂತೆ ಈ ತೇಲ್ ಗಾಳಿಯಲ್ಲಿರೋ ನೀರನ್ನು ತಾನೇ ಕುಡಿಯುತ್ತೆ, ಮಳೆಗಾಲದ ಉಪ್ಪಿನ ಹಾಗೆ. ಜಾಮ್‌ನಲ್ಲಿ ತುಳಿದೂ ತುಳಿದೂ ಬ್ರೇಕ್ ಕಾದರೆ ಆ ನೀರು ಕುದಿದು ಆವಿಯಾಗುತ್ತೆ. ಆಮೇಲೆ ಪೆಡಲ್ ಠುಸ್! ಪಂಡಿತ್‌ಜೀ, ಆಯಿಲ್ ಬದಲಿಸಿದ್ದು ಯಾವಾಗ?”

“ಬದಲಿಸೋದ್ಯಾಕೆ? ಕಡಿಮೆಯಾದಾಗ ಮೇಲಷ್ಟು ಹಾಕ್ತೀನಿ. ನಾಲ್ಕು ವರ್ಷದಿಂದ ಮನೆಯಲ್ಲಿರೋ ಒಂದೇ ಡಬ್ಬಿಯಿಂದ. ಮುಚ್ಚಳ ಕಳೆದಿದೆ, ಬಟ್ಟೆ ತುರುಕಿ ಗಂಗಾಜಲದ ಗಿಂಡಿಗಳ ಸಾಲಿನಲ್ಲೇ ಇಟ್ಟಿದ್ದೀನಿ. ಎಷ್ಟು ವರ್ಷ ಇಟ್ಟರೂ ಗಂಗೆ ಕೆಡ್ತಾಳಾ?”

ಚಾಚಾ ಹಣೆ ಚಚ್ಚಿಕೊಂಡ. “ಗಂಗಾಜೀ ನಹೀ, ಪಂಡಿತ್‌ಜೀ! ಬ್ರೇಕ್ ಆಯಿಲ್ ಹೈ!”

ಆಮೇಲೆ ಹಳೇ ಎಣ್ಣೆ ಹೊರಹಾಕಲು ಕಾತ್ಯಾಯನಿಯನ್ನೇ ಡ್ರೈವರ್ ಸೀಟಿಗೆ ಹತ್ತಿಸಿದ.

“ದಬಾವೋ!” ತುಳಿದಳು.

“ಪಕಡೋ!” ತುಳಿದೇ ಹಿಡಿದಳು.

ಚಾಚಾ ತಿರುಪು ಸಡಿಲಿಸಿದೊಡನೆ ಚಕ್ರದ ಬಳಿಯ ಕೊಳವೆಯಿಂದ ಕಪ್ಪು ಎಣ್ಣೆ ಗುಳುಗುಳು ಎಂದು ಬಂತು. ಇನ್ನೊಮ್ಮೆ! ಮತ್ತೊಮ್ಮೆ! ಕೊನೆಗೆ ಚಾಚಾ ಮೇಲಿಂದ ಸುರಿದ ಹೊಸ ಎಣ್ಣೆ ಹೊಂಬಣ್ಣದಲ್ಲಿ ಇಳಿಯಿತು. ಕಾಲಡಿಯ ಪೆಡಲ್ ಕಲ್ಲಿನಷ್ಟು ಗಟ್ಟಿ!

“ಹಿಡೀತು ಅಪ್ಪಾ, ಹಿಡೀತು!”

ಸ್ಟೇಷನ್ನಿನಲ್ಲಿ ಅಜ್ಜಿ ಪದ್ಮಾಬಾಯಿ ಟ್ರಂಕಿನ ಮೇಲೆ ಮುಖ ಊದಿಸಿಕೊಂಡು ಕೂತಿದ್ದಳು.

“ಒಂದು ತಾಸಿನಿಂದ ಕಾಯಾಕತ್ತೇನಿ. ಯಾಕ ಇಷ್ಟು ತಡಾ?”

ಅಪ್ಪ ಸುಮ್ಮನೆ ಕೆಮ್ಮಿದರು. ಗಂಗಾಜಲದ ಕತೆಯೆಲ್ಲ ಕಾತ್ಯಾಯನಿಯ ನಾಲಿಗೆಯ ತುದಿಗೇ ಬಂದಿತ್ತು. ಅಪ್ಪನ ಬೆವೆತ ಮುಖ ನೋಡಿದಳು. ಗ್ಯಾರೇಜಿನಲ್ಲಿ ತನ್ನ ಮುಖವೂ ಹೀಗೇ ಇದ್ದಿರಬೇಕು.

“ದಾರ್ಯಾಗ ಗೂಳಿ ಅಡ್ಡ ನಿಂತಿತ್ತಜ್ಜೀ,” ಎಂದು ಹೇಳಿ, ಟ್ರಂಕಿನ ಒಂದು ಹಿಡಿಕೆಯನ್ನು ಹಿಡಿದಳು. ಇನ್ನೊಂದನ್ನು ಅಪ್ಪ ಹಿಡಿದರು.