ಕಾಶೆವ್ವ ಆಯಿ ಫೋಟೋಕ್ಕೆ ಕೂತ ದಿನ

"ಇದು ನಾನಲ್ಲ," ಅಂದಳು ಕಾಶೆವ್ವ ಆಯಿ.

ಮೊಮ್ಮಗಳು ರಾಜಿ ಆಧಾರ್ ಕಾರ್ಡನ್ನು ಅವಳ ಕಣ್ಣಿಗೆ ಇನ್ನಷ್ಟು ಹತ್ತಿರ ಹಿಡಿದಳು. "ನೀನ ಆಯಿ. ಹೆಸರು ಬರದೈತಿ ನೋಡಿಲ್ಲೆ."

"ಹೆಸರು ನಂದ ಐತಿ. ಮುಖ ಯಾವಾಕೀದೋ ಏನೋ. ಕೋಳಿ ಕದ್ದು ಸಿಕ್ಕೊಂಡಾಕಿ ಹಂಗ ಕಾಣಾಕತ್ತಾಳ."

ರಾಜಿಗೆ ನಗು ತಡೆಯಲಾಗಲಿಲ್ಲ. ಆಯಿಗೂ ನಗು ಬಂತು, ನಗುವಿನ ಬೆನ್ನಿಗೆ ಕೆಮ್ಮೂ ಬಂತು. ರಾಜಿ ಓಡಿಹೋಗಿ ನೀರು ತಂದು ಚಮಚದಿಂದ ಕುಡಿಸಿದಳು. ಬೆನ್ನು ಸವರಿದರೆ ಈಗ ಬರೀ ಎಲುಬೇ ಕೈಗೆ ಹತ್ತುತ್ತಿತ್ತು.

ಗೋಕಾಕದ ಡಾಕ್ಟರು ಹೋದ ತಿಂಗಳೇ ಹೇಳಿಬಿಟ್ಟಿದ್ದರು. "ವಯಸ್ಸಾಗೈತಿ. ಮನಿಗೆ ಕರಕೊಂಡು ಹೋಗ್ರಿ. ಏನು ಕೇಳ್ತಾರೋ ಅದನ್ನ ಕೊಡ್ರಿ." ಆಯಿ ಕೇಳಿದ್ದು ಒಂದೇ ಒಂದು. ಮೇಲವಂಕಿಯ ಈ ಮನೆಯಲ್ಲೇ ಇರಬೇಕು, ಇಲ್ಲಿಂದಲೇ ಹೋಗಬೇಕು. ಹೋಳಿಗೆ ಕೇಳಿದ್ದರೆ ಅವ್ವ ಆ ಕ್ಷಣವೇ ಮಾಡಿಕೊಡುತ್ತಿದ್ದಳು. ಇದೊಂದು ಮಾತ್ರ ಆಗುವಂತಿರಲಿಲ್ಲ. ಇವತ್ತು ಭಾನುವಾರ. ಸಂಜೆ ಕಣಗಲಾದಿಂದ ಅಪ್ಪನ ತಮ್ಮ ಗಜಾನನ ಕಾಕಾ ಕಾರು ತಂದು ಆಯಿಯನ್ನು ತನ್ನ ಮನೆಗೆ ಕರೆದುಕೊಂಡು ಹೋಗುವವನಿದ್ದ.

ಯಾಕೆ ಅಂತ ರಾಜಿಗೆ ಗೊತ್ತಿತ್ತು. ಹೋಮ್‌ವರ್ಕ್ ಮಾಡುವವಳ ಹಾಗೆ ಪುಸ್ತಕದಲ್ಲಿ ಮುಖ ಹುದುಗಿಸಿ ಅಪ್ಪ, ಅವ್ವನ ಮಾತನ್ನೆಲ್ಲ ಕೇಳಿಸಿಕೊಂಡಿದ್ದಳು.

"ಔಷಧಿ ಖರ್ಚು ಹೆಂಗರ ತಡಕೋಬಹುದು ಶೈಲಾ," ಅಂದಿದ್ದ ಅಪ್ಪ. "ಆಮ್ಯಾಲಿಂದು? ನಮ್ಮವ್ವ ಊರಿಗೆಲ್ಲಾ ಹಿರ್ಯಾಕಿ. ಈಗಿನ ಮಂದಿ ಪೆಂಡಾಲ್ ಹಾಕಸ್ತಾರ, ಬ್ಯಾಂಡ್ ತರಸ್ತಾರ, ಊರಿಗೆ ಊಟಾ ಹಾಕತಾರ. ನನ್ನ ಕೈಲೆ ಆಗೂದಿಲ್ಲ. ಅರ್ಧಮರ್ಧ ಮಾಡಿ ಅಕೀ ಹೆಸರು ಕೆಡಸೂದು ಬ್ಯಾಡ. ಗಜ್ಯಾನ ಅಂಗಡಿ ಚಲೋ ನಡದೈತಿ. ಅಂವಾ ಮಾಡ್ತಾನ."

ರಾಜಿಗೆ ಅಪ್ಪನ ಮೇಲೆ ಎಲ್ಲಿಲ್ಲದ ಸಿಟ್ಟು ಬಂದಿತ್ತು. ಮುಂದೆಂದೋ ಆಗುವ ಊಟಕ್ಕೆ ಹೆದರಿ ಈಗಲೇ ಆಯಿಯನ್ನು ಕಳಿಸಿಬಿಡುವುದೇ?

"ನೀ ಹೋಗೂದಿಲ್ಲ ಅಂತ ಹೇಳು ಆಯಿ," ಅಂದಳು ಈಗ.

"ಹೆಂಗ ಹೇಳಲಿ? ನಿಮ್ಮಪ್ಪಗ ಹೊರಿ ಆಕೈತಿ." ಆಯಿ ಮಲಗಿದಲ್ಲಿಂದಲೇ ಮತ್ತೆ ಆ ಕಾರ್ಡಿನ ಕಡೆ ತಿರುಗಿದಳು. "ಗಜ್ಯಾ ಇದ ಫೋಟೋ ದೊಡ್ಡದು ಮಾಡಿಸಿ ಫ್ಲೆಕ್ಸ್ ಹಾಕ್ತಾನ ನೋಡು. ಬಸ್‌ಸ್ಟ್ಯಾಂಡಿನ್ಯಾಗ ಕುಂತ ಮಂದಿ ಹೆದರಿ ಬಸ್ ಬಿಟ್ಟು ಓಡತಾರ. ಹೋಗೂದ್ರಾಗ ನಂದೊಂದು ಚಲೋ ಫೋಟೋ ತಗಿ."

ಅಪ್ಪ ಮತ್ತು ಅವ್ವ ಆಯಿಯ ಔಷಧಿ ತರಲು ಬೈಕ್ ಮೇಲೆ ಗೋಕಾಕಿಗೆ ಹೋಗಿದ್ದರು. ಮನೆಯಲ್ಲಿ ಫೋನಿರಲಿಲ್ಲ. ಆದರೂ ರಾಜಿ ಹುರುಪಿನಿಂದ ಎದ್ದಳು. ಒಂದು ಕೆಲಸ ಹಿಡಿದರೆ ಅವಳು ಅಷ್ಟಕ್ಕೇ ಬಿಡುವ ಹುಡುಗಿಯಲ್ಲ.

ದಿಂಬುಗಳನ್ನು ಒಟ್ಟಿ ಆಯಿಯನ್ನು ಗೋಡೆಗೆ ಆನಿಸಿ ಕೂರಿಸಿದಳು. ಟ್ರಂಕಿನಿಂದ ಹಸಿರು ಇಳಕಲ್ ಸೀರೆ ತೆಗೆದು ಹೆಗಲ ಮೇಲೆ ಹೊದಿಸಿದಳು. ಹಣೆಗೆ ವಿಭೂತಿ ಹಚ್ಚಿದಳು. ಫೋಟೋದಲ್ಲಿ ಎದ್ದು ಕಾಣಲಿ ಅಂತ ಇನ್ನೊಂದು ಸಲ ಹಚ್ಚಿದಳು. ಬಾಗಿಲಿಗೆ ಕಟ್ಟಿದ್ದ ಚೆಂಡು ಹೂವಿನ ಮಾಲೆ ಇನ್ನೂ ಬಾಡಿರಲಿಲ್ಲ. ಅದನ್ನು ಬಿಚ್ಚಿ ಆಯಿಯ ಕೊರಳಿಗೆ ಹಾಕಿದಳು. ಕೋಣೆಯಲ್ಲಿ ಔಷಧಿ ವಾಸನೆ ಇತ್ತು. ಫೋಟೋದಲ್ಲಿ ವಾಸನೆ ಬರುವುದಿಲ್ಲ ಎಂಬುದು ಅವಳಿಗೆ ಹೊಳೆಯಲೇ ಇಲ್ಲ. ಎರಡು ಊದಿನಕಡ್ಡಿಯನ್ನೂ ಹಚ್ಚಿಟ್ಟಳು.

"ಸ್ವಪ್ನಿಲ್ ಕಡೆ ಫೋನ್ ಇಸಕೊಂಡು ಬರ್ತೀನಿ. ಅಳ್ಳಾಡಬ್ಯಾಡ ಆಯಿ. ವಿಭೂತಿ ಉದರತೈತಿ."

"ಇಲ್ಲ ಬಿಡವ್ವ. ನೀ ಬರೂತನಕ ಒಂಚೂರು ಕಣ್ಣು ಮುಚ್ಚತೀನಿ," ಅಂದಳು ಆಯಿ.

ಸ್ವಪ್ನಿಲ್ ಭಜನಿ ಮೇಳದ ವೀರಪ್ಪ ಮುತ್ಯಾನ ಮೊಮ್ಮಗ. ಗೇಮ್ ಆಡಿ ಆಡಿ ಫೋನಿನ ಚಾರ್ಜ್ ಮುಗಿಸಿ ಕೂತಿದ್ದ. "ಚಾರ್ಜಿಗೆ ಹಾಕೇನಿ, ತಡಿ," ಅಂದ. ರಾಜಿ ಹಿತ್ತಲ ಕಟ್ಟೆಯ ಮೇಲೆ ಕೂತಳು, ಎದ್ದಳು, ಮತ್ತೆ ಕೂತಳು. ಮುಂಬಾಗಿಲಿಗೆ ಯಾರೋ ಬಂದು ಮುತ್ಯಾನನ್ನು ಕರೆದಂತಾಯಿತು. ಅವಳು ಅತ್ತ ಗಮನ ಕೊಡಲಿಲ್ಲ. ಕೊನೆಗೆ ಫೋನು ಕೈಗೆ ಬಂದದ್ದೇ ಓಡಿದಳು. ಫೋನ್ ಒಬ್ಬಳಿಗೇ ಬಿಟ್ಟುಕೊಡಲು ಮನಸ್ಸಾಗದೆ ಸ್ವಪ್ನಿಲ್ ಕೂಡ ಹಿಂದೆಯೇ ಓಡಿದ.

ಓಣಿಯ ತಿರುವಿನಲ್ಲೇ ಅಳು ಕೇಳಿಸಿತು.

ಮನೆಯ ಮುಂದೆ ಚಪ್ಪಲಿಗಳ ರಾಶಿ ಬಿದ್ದಿತ್ತು. ಒಳಗೆ ಬಾಜೂ ಮನೆಯ ರಾಮವ್ವ ದೊಡ್ಡವ್ವ ರಾಗ ಎಳೆದು ಅಳುತ್ತಿದ್ದಳು. "ನಮ್ಮವ್ವಾ ಕಾಶೆವ್ವಾ, ನನ್ನ ಎರಡೂ ಬಾಣಂತನ ಮಾಡಿದಾಕಿ, ಹೇಳದ ಹೆಂಗ ಹೋದೆವ್ವಾ..."

ಆಯಿಯನ್ನು ಒಬ್ಬಳನ್ನೇ ಬಿಟ್ಟು ಹೋಗಬಾರದಿತ್ತು. ಒಂದು ಹಾಳು ಫೋಟೋದ ಸಲುವಾಗಿ ಬಿಟ್ಟು ಹೋದೆನಲ್ಲ ಅಂತ ರಾಜಿ ತನ್ನನ್ನೇ ಬೈದುಕೊಂಡಳು. ದೊಡ್ಡವರ ಕಾಲುಗಳ ನಡುವೆ ನುಸುಳಿ ಒಳಗೆ ಹೋದಳು.

ರಾಜಿ ಬಿಟ್ಟುಹೋದ ಹಾಗೆಯೇ ಆಯಿ ಕೂತಿದ್ದಳು. ಗೋಡೆಗೆ ಆನಿಸಿದ ಬೆನ್ನು, ಹಣೆ ತುಂಬ ವಿಭೂತಿ, ಕೊರಳಲ್ಲಿ ಮಾಲೆ, ಮುಚ್ಚಿದ ಕಣ್ಣು. ಯಾರೋ ಇನ್ನಷ್ಟು ಊದಿನಕಡ್ಡಿ ಹಚ್ಚಿದ್ದರು. ಆಗ ರಾಜಿಗೆ ಹೊಳೆಯಿತು. ಅವರ ಮಂದಿಯಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಹೀಗೆಯೇ ಕೂರಿಸುತ್ತಾರೆ. ಹೀಗೆಯೇ ವಿಭೂತಿ ಹಚ್ಚಿ, ಹೀಗೆಯೇ ಹೂವು ಹಾಕುತ್ತಾರೆ. ಸಾರು ಕೊಡಲು ಬಂದ ರಾಮವ್ವ ಬಾಗಿಲಲ್ಲಿ ಇಣುಕಿದವಳೇ ಬಟ್ಟಲು ಅಲ್ಲೇ ಇಟ್ಟು ಅಳಲು ಶುರುಮಾಡಿದ್ದಳು.

ಹಾಗಾದರೆ ಆಯಿ...? ಅಷ್ಟರಲ್ಲಿ ಹೊಗೆ ಆಯಿಯ ಮುಖಕ್ಕೆ ಬಂತು. ಅವಳ ಮೂಗು ಒಮ್ಮೆ ಅರಳಿತು, ಇನ್ನೊಮ್ಮೆ ಅರಳಿತು. ಮನೆಯೆಲ್ಲ ಕೇಳುವ ಹಾಗೆ ಅವಳು ಸೀನಿದಳು.

ರಾಮವ್ವನ ಅಳು ನಡುವೆಯೇ ನಿಂತಿತು. ವೀರಪ್ಪ ಮುತ್ಯಾನ ಕೈಯಿಂದ ಒಂದು ತಾಳ ಜಾರಿ ಠಣ್ ಅಂತ ಬಿತ್ತು.

ಆಯಿ ಕಣ್ಣು ಬಿಟ್ಟು ಎಲ್ಲರನ್ನೂ ನೋಡಿದಳು. ಗಾಬರಿಯಿಂದ ಕೇಳಿದಳು. "ಯಾರು ಹೋದ್ರ ರಾಮವ್ವಾ?"

ಆಯಿ ತನ್ನ ಕೊರಳ ಮಾಲೆ ಮುಟ್ಟಿ ನೋಡಿಕೊಂಡಳು. ಹಣೆ ಮುಟ್ಟಿದಳು. ರಾಜಿಯ ಮುಖ ನೋಡಿದಳು. ಎಲ್ಲ ಅರ್ಥವಾಗಿ, ಹಲ್ಲಿಲ್ಲದ ಬಾಯಿ ತೆರೆದು ನಗಲು ಶುರುಮಾಡಿದಳು. ಆಮೇಲೆ ನಗದೆ ಇದ್ದವರು ಯಾರೂ ಇರಲಿಲ್ಲ. ರಾಜಿ ಮಾತ್ರ ಆಯಿಯ ಮಡಿಲಲ್ಲಿ ಮುಖ ಇಟ್ಟು ಜೋರಾಗಿ ಅತ್ತಳು.

"ಅಳಬ್ಯಾಡ. ಫೋಟೋ ಕೆಡತೈತಿ," ಅಂದಳು ಆಯಿ, ಅವಳ ತಲೆ ಸವರುತ್ತ.

ಅಷ್ಟರಲ್ಲಾಗಲೇ ಓಣಿಯ ಹೆಂಗಸರು ಬುಟ್ಟಿಗಳನ್ನು ಪಡಸಾಲೆಯಲ್ಲಿ ಇಟ್ಟಾಗಿತ್ತು. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಸುತ್ತಲಿನವರೇ ರೊಟ್ಟಿ ತರುತ್ತಾರೆ. ಜೋಳದ ರೊಟ್ಟಿ, ಝುಣಕ, ಶೇಂಗಾ ಚಟ್ನಿ, ಬದನೆಕಾಯಿ ಪಲ್ಯ ಎಲ್ಲ ಬಂದಿತ್ತು. ಅದೇ ಓಣಿಯ ಹೊಳೆಪ್ಪ ಕಾಕಾ ತನ್ನ ಹೊಲದಿಂದ ಬುಟ್ಟಿ ತುಂಬ ಚೆಂಡು ಹೂವು ತಂದಿದ್ದ. ಅವನ ಮಗ ಅಶೋಕ ಬಿದಿರಿನ ಗಳ ಹೊತ್ತುಕೊಂಡು ಬಾಗಿಲಲ್ಲಿ ನಿಂತಿದ್ದ. ಒಳಗೆ ತರಬೇಕೋ ಹೊರಗೆ ಒಯ್ಯಬೇಕೋ ಅವನಿಗೆ ತಿಳಿಯದಾಗಿತ್ತು.

"ಇಂಥಾ ರೊಟ್ಟಿ ವಾಪಸ್ ಒಯ್ಯಾಕ ಬರೂದಿಲ್ಲ," ಅಂದಳು ರಾಮವ್ವ, ಕಣ್ಣೊರೆಸಿಕೊಳ್ಳುತ್ತ.

"ತಾಳ ಹೊರಗ ತಗದ ಮ್ಯಾಲೆ ಬಾರಸದ ಒಳಗ ಇಡಾಕೂ ಬರೂದಿಲ್ಲ," ಅಂದ ವೀರಪ್ಪ ಮುತ್ಯಾ.

"ಹಂಗಾದ್ರ ಉಣ್ಣರಿ, ಹಾಡ್ರಿ," ಅಂದಳು ಆಯಿ. "ಆಮ್ಯಾಲೆ ಹಾಡಿದ್ರ ನನಗೇನು ಕೇಳತೈತಿ?"

ಅಪ್ಪ ಮತ್ತು ಅವ್ವ ಗೋಕಾಕದಿಂದ ಬಂದಾಗ ಮನೆಯ ಮುಂದೆ ಜನ, ಒಳಗೆ ಭಜನಿ. ಅಪ್ಪ ಬೈಕನ್ನು ಸ್ಟ್ಯಾಂಡ್ ಕೂಡ ಹಾಕದೆ ಬಿಟ್ಟು ಓಡಿ ಬಂದ. ಔಷಧಿ ಚೀಲ ಅಂಗಳದಲ್ಲಿ ಬಿತ್ತು. ಬಾಗಿಲಿಗೆ ಬಂದು ನೋಡಿದರೆ ಅವನ ಅವ್ವ ಸಾರಿನಲ್ಲಿ ನೆನೆಸಿದ ರೊಟ್ಟಿ ಚೀಪುತ್ತ ತಾಳಕ್ಕೆ ಸರಿಯಾಗಿ ತಲೆ ಆಡಿಸುತ್ತಿದ್ದಳು. ಅವನು ಹೊಸ್ತಿಲ ಮೇಲೆ ಕುಸಿದು ಕೂತ. ನಗುತ್ತಿದ್ದಾನೋ ಅಳುತ್ತಿದ್ದಾನೋ ರಾಜಿಗೆ ತಿಳಿಯಲಿಲ್ಲ. ಎರಡೂ ಇದ್ದಿರಬೇಕು. ಅವ್ವ ಹಿಂದಿನಿಂದ ಬಂದು ಅವನ ಹೆಗಲು ಹಿಡಿದಳು.

ಸಮಾಧಾನವಾದ ಮೇಲೆ ಅಪ್ಪ ಹೊಳೆಪ್ಪ ಕಾಕಾನ ಹತ್ತಿರ ಹೋಗಿ ಮೆಲ್ಲಗೆ ಕೇಳಿದ. "ಹೂವಿಂದು ಎಷ್ಟು ಆತು ಹೊಳೆಪ್ಪಣ್ಣ?"

ಹೊಳೆಪ್ಪ ಕಾಕಾನ ಮುಖ ಗಂಟಾಯಿತು. "ಮಹೇಶಾ, ನಮ್ಮಪ್ಪ ಹೋದಾಗ ನಿಮ್ಮವ್ವ ನಮ್ಮನಿ ಒಲಿ ಹಚ್ಚಗೊಡಲಿಲ್ಲ. ದಿನಾ ಬುಟ್ಟಿ ಹೊತ್ತುಕೊಂಡು ಬಂದ್ಲು. ಆವಾಗ ರೊಟ್ಟಿಗೆ ಎಷ್ಟು ಅಂತ ನಾವು ಕೇಳಿದ್ವೇನು?"

"ಮೇಳಕ್ಕೂ ಕೇಳವ ಇದ್ದಿ ಏನು?" ಅಂದ ವೀರಪ್ಪ ಮುತ್ಯಾ. "ಕೇಳು, ಕೇಳಿ ನೋಡು."

ಅಪ್ಪ ತಲೆ ತಗ್ಗಿಸಿದ. "ಅಲ್ಲರೀ ಮುತ್ಯಾ, ಪೆಂಡಾಲ್ ಅದು ಇದು ಅಂತ..."

"ನನಗ್ಯಾಕೋ ಪೆಂಡಾಲ್?" ಅಂದಳು ಆಯಿ ಗೋಡೆಯ ಕಡೆಯಿಂದ. "ಸತ್ತ ಮ್ಯಾಲೆ ಬಿಸಿಲು ಹತ್ತತೈತೇನು?"

ಅಪ್ಪ ಅವಳ ಪಕ್ಕಕ್ಕೆ ಹೋಗಿ ಕೂತ. ರಾಜಿ ಇಬ್ಬರನ್ನೂ ನೋಡುತ್ತ ನಿಂತಿದ್ದಳು. ಆಯಿಯ ಹೆಗಲಿಂದ ಜಾರಿದ ಸೀರೆಯನ್ನು ಸರಿಪಡಿಸುತ್ತ ಅಪ್ಪ ಸಣ್ಣ ದನಿಯಲ್ಲಿ, "ಇಲ್ಲೇ ಇರವ್ವಾ," ಅಂದ.

ಸಂಜೆ ಗಜಾನನ ಕಾಕಾ ಬಂದ. ಕಾರಿನ ಹಿಂದಿನ ಸೀಟಿನ ಮೇಲೆ ಮೆತ್ತಗಿನ ಹಾಸಿಗೆ ಹಾಸಿಕೊಂಡು ಬಂದಿದ್ದ. ನಡೆದದ್ದನ್ನೆಲ್ಲ ಕೇಳಿ ಮೊದಲು ನಕ್ಕ, ಆಮೇಲೆ ಅಪ್ಪನಿಗೆ ಹೇಳಿದ. "ಔಷಧಿ ನನಗ ಬಿಡಣ್ಣ. ವಾರಕ್ಕೊಮ್ಮೆ ನಾನ ತರತೀನಿ. ಅಷ್ಟರ ಮಾಡಗೊಡು." ಮೂರು ರೊಟ್ಟಿ ತಿಂದು, ಹಾಸಿಗೆಯನ್ನು ಆಯಿಗೆ ಬಿಟ್ಟು, ಖಾಲಿ ಕಾರಿನಲ್ಲಿ ವಾಪಸ್ ಹೋದ.

ಫೋಟೋ ತೆಗೆದದ್ದು ಸ್ವಪ್ನಿಲ್. ಅದರಲ್ಲಿ ಆಯಿ ನಗುತ್ತಿದ್ದಾಳೆ. ವಿಭೂತಿ ಅರ್ಧ ಅಳಿಸಿಹೋಗಿದೆ.

ಆಯಿ ದೀಪಾವಳಿ ಕಂಡಳು. ಸಂಕ್ರಾಂತಿಯ ಎಳ್ಳು ಬೆಲ್ಲವನ್ನು ಬಾಯಲ್ಲಿಟ್ಟುಕೊಂಡು ಚೀಪಿದಳು. ಅದಾಗಿ ಕೆಲವು ದಿನಕ್ಕೆ ಒಂದು ಬೆಳಿಗ್ಗೆ ಅವ್ವ ಚಹಾ ಕುಡಿಸಲು ಹೋದಾಗ ಆಯಿ ಏಳಲಿಲ್ಲ.

ಅಪ್ಪ ಅವಳನ್ನು ಗೋಡೆಗೆ ಆನಿಸಿ ಕೂರಿಸಿದ. ಅವ್ವ ವಿಭೂತಿ ಹಚ್ಚಿದಳು. ಸುದ್ದಿ ತಿಳಿದು ಓಣಿಯ ಮಂದಿ ಬಂದರು. ಆದರೆ ಅಂಗಳದಲ್ಲೇ ನಿಂತರು. ರಾಮವ್ವ ದೊಡ್ಡವ್ವ ಬಾಗಿಲಲ್ಲಿ ನಿಂತು ಆಯಿಯ ಮುಖವನ್ನೇ ನೋಡುತ್ತಿದ್ದಳು, ಅಳಲಿಲ್ಲ. ವೀರಪ್ಪ ಮುತ್ಯಾ ತಾಳ ಹಿಡಿದುಕೊಂಡಿದ್ದ, ಬಾರಿಸಲಿಲ್ಲ.

"ರಾಜಿ," ಅಂದಳು ರಾಮವ್ವ ಪಿಸುದನಿಯಲ್ಲಿ, "ಹೋದ ಸಲದಂಗ ಅಲ್ಲಲಾ?"

ರಾಜಿ ಆಯಿಯ ಮುಂದೆ ಹೋಗಿ ಕೂತಳು. ಊದಿನಕಡ್ಡಿಯ ಹೊಗೆ ಆಯಿಯ ಮೂಗಿನ ಹತ್ತಿರ ಹೋಯಿತು. ರಾಜಿ ಕಾದಳು. ಹಿಂದೆ ಅಂಗಳದಲ್ಲಿ ಎಲ್ಲರೂ ಕಾಯುತ್ತಿದ್ದರು. ಊರಿಗೆ ಊರೇ ಆಯಿ ಒಮ್ಮೆ ಸೀನಲಿ ಅಂತ ಆಸೆಯಿಂದ ನಿಂತಿದೆ ಅಂತ ಅವಳಿಗೆ ಆಗ ತಿಳಿಯಿತು. ಎದ್ದು ಬಾಗಿಲಿಗೆ ಬಂದಳು.

"ಇಲ್ಲ ದೊಡ್ಡವ್ವ," ಅಂದಳು. "ಈ ಸಲ ಖರೇ."

ರಾಮವ್ವ ರಾಗ ಎಳೆದು ಅತ್ತಳು. ತಾಳ ಶುರುವಾಯಿತು. ರಾಜಿಗೂ ಕಣ್ಣೀರು ಸುರಿಯುತ್ತಿತ್ತು. ಹೊಳೆಪ್ಪ ಕಾಕಾ ಹೂವಿನ ಬುಟ್ಟಿ ಹೊತ್ತು ಮೆಟ್ಟಿಲ ಹತ್ತಿರ ಬಂದ. ಅಪ್ಪ ಎಷ್ಟು ಅಂತ ಕೇಳಲಿಲ್ಲ. ಇಳಿದು ಹೋಗಿ ಬುಟ್ಟಿಗೆ ತಾನೂ ಕೈ ಕೊಟ್ಟ. ರಾಜಿ ಫ್ರಾಕಿನ ಅಂಚಿನಿಂದ ಮುಖ ಒರೆಸಿಕೊಂಡಳು. ಇನ್ನೂ ಬಹಳ ಮಂದಿ ಬರುವವರಿದ್ದರು. ಬಾಗಿಲಿನ ಎರಡೂ ಕದ ತೆರೆದು ಬದಿಗೆ ನಿಂತಳು.

"ಬರ್ರಿ ಕಾಕಾ," ಅಂದಳು. "ಆಯಿ ಬಾಜೂಕ ಇಡ್ರಿ."